ಹೊರದೇಶದ ಶಾಲೆಗೆ ಅರ್ಜಿ: ದಾರಿ ತೋರಿಸುವವರಿಗೆ ದುಡ್ಡು ಕೊಡಬೇಕಾ, ಕೊಟ್ಟರೆ ಯಾವುದಕ್ಕೆ?

ಲೆಕ್ಕದ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ, ಹೆಚ್ಚಾಗಿ 11ರಿಂದ 16 ವರ್ಷದ ಮಕ್ಕಳಿಗೆ. ಡಿಗ್ರಿ ಇದೆ, ಬಿ.ಎಡ್. ಇದೆ. ಹೊರದೇಶದ ಶಾಲೆಯಲ್ಲಿ ಕಲಿಸಬೇಕು ಅನ್ನೋ ಆಸೆ ತುಂಬಾ ದಿನದ್ದು. ಕಳೆದ ಐದು ತಿಂಗಳಲ್ಲಿ 31 ಶಾಲೆಗಳಿಗೆ ಅರ್ಜಿ ಹಾಕಿದೆ. ಎರಡು ಕಡೆಯಿಂದ ಮಾತ್ರ ಉತ್ತರ ಬಂತು, ಎರಡೂ ಇಲ್ಲ ಅಂತಲೇ. ಉಳಿದ ಕಡೆಯಿಂದ ಸದ್ದೇ ಇಲ್ಲ. ಕ್ಲಾಸಿನಲ್ಲಿ ನಾನು ಚೆನ್ನಾಗಿ ಕಲಿಸುತ್ತೇನೆ ಅನ್ನೋದು ನನಗೆ ಗೊತ್ತು, ಆದರೂ ಹೀಗೆ ಸುಮ್ಮನಿದ್ದುಬಿಟ್ಟರೆ ಮನಸ್ಸು ಕುಗ್ಗುತ್ತೆ ಅಲ್ವಾ.

ಈಗ ಇಬ್ಬರು ಸಹಾಯ ಮಾಡ್ತೀವಿ ಅಂದಿದ್ದಾರೆ. ಮೊದಲನೆಯವರು ಒಂದು ಏಜೆನ್ಸಿ. ಸಿವಿ ಅವರೇ ಬರೆಯುತ್ತಾರಂತೆ, ನನ್ನ ಹೆಸರಲ್ಲಿ 50 ಶಾಲೆಗಳಿಗೆ ಅವರೇ ಅರ್ಜಿ ಹಾಕುತ್ತಾರಂತೆ, ಮೂರು ಸಂದರ್ಶನ ಗ್ಯಾರಂಟಿಯಂತೆ. ಅದಕ್ಕೆ ಹೊಸ ಇಮೇಲ್ ತೆರೆದು ಪಾಸ್‌ವರ್ಡ್ ಕೊಡಬೇಕು, ಒರಿಜಿನಲ್ ಸರ್ಟಿಫಿಕೇಟ್ ಅವರ ಹತ್ತಿರ ಇಡಬೇಕು, ಅರ್ಧ ದುಡ್ಡು ಮುಂಚೆಯೇ. ಉಳಿದರ್ಧ ಮೊದಲ ಸಂಬಳದಲ್ಲಿ. ಇನ್ನೊಬ್ಬರು ಹೊರದೇಶದಲ್ಲಿ ಕೆಲಸ ಮಾಡಿ ಬಂದ ಒಬ್ಬ ಹಿರಿಯ ಶಿಕ್ಷಕಿ. ಅವರು ಅರ್ಜಿ ಹಾಕಿಕೊಡಲ್ಲ. ನಾನು ಬರೆದದ್ದನ್ನು ಓದಿ ತಿದ್ದುತ್ತಾರೆ, ಅಣಕು ಸಂದರ್ಶನ ಮಾಡಿಸುತ್ತಾರೆ, ಅಷ್ಟೇ. ಅವರ ಶುಲ್ಕ ತುಂಬಾ ಕಡಿಮೆ, ಆದರೆ ಯಾವ ಭರವಸೆಯನ್ನೂ ಕೊಡಲ್ಲ.

ಯಾರನ್ನು ಹಿಡಿಯಲಿ? ಅಥವಾ ಯಾರೂ ಬೇಡವಾ? ನನಗೆ ಐಬಿ, ಅಂದರೆ ಹಲವು ದೇಶಗಳ ಶಾಲೆಗಳಲ್ಲಿರುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಪಠ್ಯಕ್ರಮದ ಅನುಭವ ಇಲ್ಲ, ಇಂಗ್ಲೆಂಡಿನ ಶಿಕ್ಷಕ ಮಾನ್ಯತೆಯಾದ ಕ್ಯೂಟಿಎಸ್ ಇಲ್ಲ. ಅದೇ ಕಾರಣನಾ? ಮನೆಯವರು, ಎರಡು ಮಕ್ಕಳು ಕೂಡ ಜೊತೆಗೆ ಬರಬೇಕು.

ನನ್ನ ಪತ್ರದ ಶುರು ಹೀಗಿದೆ, ಕನ್ನಡದಲ್ಲಿ ಹೇಳುತ್ತೇನೆ: "ನಾನು ಶಿಸ್ತಿನ, ಶ್ರಮಜೀವಿಯಾದ, ಮಕ್ಕಳನ್ನು ಪ್ರೀತಿಸುವ ಶಿಕ್ಷಕಿ. ನಿಮ್ಮ ಹೆಸರಾಂತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶ ಕೋರುತ್ತೇನೆ." ಇದರಲ್ಲಿ ಏನು ತಪ್ಪಿದೆ ಅಂತ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ನೀಲಿಶಾಯಿ ಬರೆದದ್ದು:

ಮೇಡಂ, ನಾನು ಹನ್ನೆರಡು ವರ್ಷ ಮೂರು ದೇಶಗಳ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಕಲಿಸಿದೆ. ಕೊನೆಯ ನಾಲ್ಕು ವರ್ಷ ಅರ್ಜಿಗಳನ್ನು ಓದಿ ಆರಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಆ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ತಪ್ಪೇನೂ ಇಲ್ಲ. ಅದರಲ್ಲಿ ನೀವು ಇಲ್ಲ, ತೊಂದರೆ ಅಷ್ಟೇ. ಶಿಸ್ತು, ಶ್ರಮ, ಪ್ರೀತಿ ಅಂತ ಪ್ರತಿಯೊಬ್ಬರೂ ಬರೆಯುತ್ತಾರೆ. ಒಂದು ಗಣಿತದ ಹುದ್ದೆಗೆ ಬಂದ ಅರ್ಜಿಗಳನ್ನು ಒಂದೇ ಸಂಜೆ ಕೂತು ಓದಿದ್ದೇನೆ, ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಎರಡು ನಿಮಿಷ ಸಿಕ್ಕರೆ ಜಾಸ್ತಿ. ಆ ಎರಡು ನಿಮಿಷದಲ್ಲಿ ನಾನು ಹುಡುಕುತ್ತಿದ್ದದ್ದು ಇಷ್ಟೇ: ಯಾವ ವಯಸ್ಸಿನ ಮಕ್ಕಳಿಗೆ, ಯಾವ ಪಠ್ಯಕ್ರಮದಲ್ಲಿ ಕಲಿಸಿದ್ದಾರೆ, ಶಿಕ್ಷಕ ಅರ್ಹತೆ ಇದೆಯಾ, ಯಾವಾಗಿಂದ ಬರಬಹುದು, ಜೊತೆಗೆ ಎಷ್ಟು ಜನ ಬರುತ್ತಾರೆ. ಇದಿಷ್ಟೂ ಸಿವಿಯ ಮೊದಲ ಅರ್ಧ ಪುಟದಲ್ಲೇ ಕಾಣಬೇಕು. ಸಿವಿ ಎರಡು ಪುಟ ದಾಟಬಾರದು. ಹತ್ತು ವರ್ಷದ ಹಿಂದೆ ಹೋದ ಕಾರ್ಯಾಗಾರಗಳ ಪಟ್ಟಿ ಬೇಡ. ಮನೆಯವರ ವಿಷಯ ಮುಚ್ಚಿಡಬೇಡಿ. ವೀಸಾ, ಮನೆ, ಮಕ್ಕಳ ಸೀಟು ಎಲ್ಲವನ್ನೂ ಶಾಲೆ ಲೆಕ್ಕ ಹಾಕಬೇಕು, ಕೊನೆಯಲ್ಲಿ ಗೊತ್ತಾದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಪತ್ರದಲ್ಲಿ ಒಂದು ಪಾಠದ ಕಥೆ ಹೇಳಿ, ಸಾಕು. ಮಕ್ಕಳು ಎಲ್ಲಿ ಎಡವುತ್ತಿದ್ದರು, ನೀವು ಏನು ಬದಲಿಸಿದಿರಿ, ಆಮೇಲೆ ಏನಾಯಿತು. ಅದನ್ನು ಓದಿದ ತಕ್ಷಣ ನನಗೆ ಒಂದು ಕ್ಲಾಸು ಕಣ್ಣಿಗೆ ಕಟ್ಟುತ್ತಿತ್ತು, ಇವರನ್ನು ಮಾತಾಡಿಸೋಣ ಅನಿಸುತ್ತಿತ್ತು.

ಐಬಿ ವಿಷಯಕ್ಕೆ ಬರೋಣ. ಅನುಭವ ಇದ್ದರೆ ಒಳ್ಳೆಯದು, ಆದರೆ ಇಲ್ಲದವರನ್ನೂ ತೆಗೆದುಕೊಳ್ಳುತ್ತಾರೆ, ಗಣಿತ ಮತ್ತು ಭೌತಶಾಸ್ತ್ರಕ್ಕಂತೂ ಇದು ಇನ್ನೂ ನಿಜ. ಶಾಲೆ ನೋಡೋದು ನೀವು ಅದನ್ನು ಓದಿಕೊಂಡಿದ್ದೀರಾ ಅಂತ. ಐಬಿ ಶುರುವಾದದ್ದು 1968ರಲ್ಲಿ, ಜಿನೀವಾದಲ್ಲಿ. ನೀವು ಕಲಿಸುವ ವಯಸ್ಸಿಗೆ ಸರಿಹೊಂದುವುದು ಅದರ ಮಿಡಲ್ ಇಯರ್ಸ್ ಕಾರ್ಯಕ್ರಮ, ಅದು 11ರಿಂದ 16 ವರ್ಷದವರಿಗೆ. ಅಲ್ಲಿ ಗಣಿತಕ್ಕೆ ನಾಲ್ಕು ಮಾನದಂಡ, ಒಂದೊಂದಕ್ಕೂ 8ರ ತನಕ ಅಂಕ: ತಿಳಿದು ಅರ್ಥ ಮಾಡಿಕೊಳ್ಳುವುದು, ವಿನ್ಯಾಸಗಳನ್ನು ಹುಡುಕಿ ತೆಗೆಯುವುದು, ಯೋಚನೆಯನ್ನು ಸರಿಯಾಗಿ ತಿಳಿಸುವುದು, ನಿಜ ಜೀವನದ ಸಂದರ್ಭಕ್ಕೆ ಬಳಸುವುದು. ನೋಡಿ, ಇದರಲ್ಲಿ ಎರಡನೆಯದನ್ನು ನೀವು ಈಗಾಗಲೇ ಮಾಡುತ್ತಿರಬಹುದು, ಅದಕ್ಕೆ ಆ ಹೆಸರು ಇದೆ ಅಂತ ಗೊತ್ತಿಲ್ಲದೇ ಇರಬಹುದು. ಐಬಿಯಲ್ಲೇ ದೊಡ್ಡ ಮಕ್ಕಳಿಗಿರುವ ಡಿಪ್ಲೊಮಾದಲ್ಲಿ ಪ್ರತಿ ವಿದ್ಯಾರ್ಥಿ ತಾನೇ ಆರಿಸಿದ ವಿಷಯದ ಮೇಲೆ 12ರಿಂದ 20 ಪುಟದ ಗಣಿತದ ಅನ್ವೇಷಣೆ ಬರೆಯಬೇಕು, ಅದಕ್ಕೆ ಒಟ್ಟು ಅಂಕದ 20%. ಬರೀ ಸೂತ್ರ ಹಾಕಿ ಉತ್ತರ ತೆಗೆಯುವ ಕಲಿಕೆ ಅಲ್ಲಿ ಸಾಲದು ಅನ್ನೋದು ಇದರಿಂದ ಗೊತ್ತಾಗುತ್ತೆ.

ಇನ್ನು ಸಮಯ. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಶುರುವಾಗುವ ಶಾಲೆಗಳು ಹಿಂದಿನ ಅಕ್ಟೋಬರ್, ನವೆಂಬರ್‌ನಲ್ಲೇ ಹುಡುಕಾಟ ಶುರು ಮಾಡುತ್ತವೆ. ಜನವರಿ, ಫೆಬ್ರವರಿಯಲ್ಲಿ ಜೋರು. ಏಪ್ರಿಲ್ ಮೇಲೆ ಸಿಗುವುದು ಯಾರೋ ಕೊನೆ ಗಳಿಗೆಯಲ್ಲಿ ಬಿಟ್ಟ ಹುದ್ದೆ. ನಿಮ್ಮ 31 ಅರ್ಜಿ ಯಾವ ತಿಂಗಳಲ್ಲಿ ಹೋದವು ಅಂತ ಒಮ್ಮೆ ನೋಡಿಕೊಳ್ಳಿ.

ಆ ಹಿರಿಯ ಶಿಕ್ಷಕಿಯನ್ನೇ ಹಿಡಿಯಿರಿ. ನನಗೂ ಶುರುವಿನಲ್ಲಿ ಅಂಥವರೊಬ್ಬರು ಸಿಕ್ಕಿದ್ದರು. ಮೊದಲ ಸಲ ಒಂದು ಗಂಟೆ ಬರೀ ಪ್ರಶ್ನೆ ಕೇಳಿದರು, ಒಂದಕ್ಷರ ಬರೆಯಲು ಬಿಡಲಿಲ್ಲ. ಹೋದ ವಾರ ಯಾವ ಪಾಠ ಚೆನ್ನಾಗಿ ಆಯ್ತು, ಯಾಕೆ, ಯಾವ ಮಗು ನಿಮಗೆ ನೆನಪಿದೆ, ಯಾಕೆ ಅಂತ. ನಾನು ಹೇಳಿದ್ದರಲ್ಲಿ ಪತ್ರಕ್ಕೆ ಬೇಕಾದದ್ದೆಲ್ಲ ಇತ್ತು. ಅವರು ನನ್ನ ಬದಲು ಬರೆದುಕೊಟ್ಟಿದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ನಾನು ತಡವರಿಸುತ್ತಿದ್ದೆ.

ಹಳೇ_ಪಾಟಿ ಬರೆದದ್ದು:

ಏಜೆನ್ಸಿಯವರ ಮಾತು ಓದಿ ಎದೆ ಧಸಕ್ ಅಂದಿತು, ಯಾಕಂದ್ರೆ ಇದನ್ನೆಲ್ಲ ನಾನು ಅನುಭವಿಸಿದ್ದೇನೆ. ದಯವಿಟ್ಟು ಪಾಸ್‌ವರ್ಡ್ ಕೊಡಬೇಡಿ, ಒರಿಜಿನಲ್ ಸರ್ಟಿಫಿಕೇಟ್ ಅಂತೂ ಯಾರ ಕೈಗೂ ಬಿಟ್ಟುಬರಬೇಡಿ.

ನನ್ನದು ಆರು ವರ್ಷದ ಹಿಂದಿನ ಮಾತು. ಒಂದು ಏಜೆನ್ಸಿ, ಹೆಸರು ಬೇಡ, ನನ್ನ ಹೆಸರಲ್ಲಿ ಎಷ್ಟೋ ಶಾಲೆಗಳಿಗೆ ಒಂದೇ ಪತ್ರ ಕಳಿಸಿತ್ತು. ಒಂದು ಶಾಲೆಗೆ ಹೋದ ಪತ್ರದಲ್ಲಿ ಇನ್ನೊಂದು ಶಾಲೆಯ ಹೆಸರು ಹಾಗೇ ಉಳಿದಿತ್ತು. ನಾನು ಕಲಿಸದೇ ಇದ್ದ ತರಗತಿಗಳನ್ನೂ ಸಿವಿಗೆ ಸೇರಿಸಿದ್ದರು. ಇದೆಲ್ಲ ಗೊತ್ತಾದದ್ದು ಸಂದರ್ಶನದಲ್ಲಿ ಅವರು ಆ ತರಗತಿಯ ಬಗ್ಗೆ ಕೇಳಿದಾಗ. ನಾನು ನಿಜ ಹೇಳಿದೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಶಾಲೆಯಿಂದ ಆಫರ್ ಬಂತು, ಆದರೆ ಸಹಿ ಹಾಕಲು ಕೊಟ್ಟ ಕಾಗದದಲ್ಲಿ ಸಂಬಳ ಮೊದಲು ಹೇಳಿದ್ದಕ್ಕಿಂತ ಕಡಿಮೆ, ಮನೆ ಬಾಡಿಗೆಯ ಮಾತೇ ಇಲ್ಲ. ಕೇಳಿದರೆ ಹೋದ ಮೇಲೆ ಸರಿಮಾಡೋಣ ಅಂದರು. ನಾನು ಹೋಗಲಿಲ್ಲ. ಕೊಟ್ಟ ಮುಂಗಡ ವಾಪಸ್ ಬರಲಿಲ್ಲ, ನನ್ನ ಡಿಗ್ರಿ ಸರ್ಟಿಫಿಕೇಟ್ ಬಿಡಿಸಿಕೊಳ್ಳಲು ಏಳು ವಾರ ಅಲೆದೆ.

ಕಾನೂನಿನ ಕಡೆಯಿಂದಲೂ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಪ್ಪಂದ ಒಂದಿದೆ, 181ನೇ ನಂಬರಿನದು. ಖಾಸಗಿ ಏಜೆನ್ಸಿಗಳು ಕೆಲಸ ಹುಡುಕುವವರಿಂದ ನೇರವಾಗಿ ಆಗಲಿ, ಸುತ್ತುಬಳಸಿ ಆಗಲಿ ಶುಲ್ಕ ವಸೂಲಿ ಮಾಡಬಾರದು ಅನ್ನೋದು ಅದರ ಮೂಲ ನಿಯಮ. ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ, ವಿನಾಯಿತಿಗಳೂ ಇವೆ. ಆದರೆ ಸರಿಯಾದ ಏಜೆನ್ಸಿಗೆ ದುಡ್ಡು ಬರೋದು ಶಾಲೆಯಿಂದ. ಬ್ರಿಟನ್ನಿನಲ್ಲಿ 1973ರ ಕಾಯ್ದೆ ಪ್ರಕಾರ ಕೆಲಸ ಹುಡುಕಿಕೊಟ್ಟಿದ್ದಕ್ಕೆ ಶಿಕ್ಷಕರಿಂದ ದುಡ್ಡು ಕೇಳುವಂತಿಲ್ಲ. ಸಿವಿ ತಿದ್ದುವುದು, ತರಬೇತಿ ಕೊಡುವುದು ಬೇರೆ ಸೇವೆ, ಅದಕ್ಕೆ ಶುಲ್ಕ ಇರಬಹುದು, ಆದರೆ ಅದನ್ನು ತಗೊಂಡರೆ ಮಾತ್ರ ಕೆಲಸ ಕೊಡಿಸ್ತೀವಿ ಅನ್ನುವಂತಿಲ್ಲ. ನಿಮ್ಮ ಹಿರಿಯ ಶಿಕ್ಷಕಿ ಕೇಳುತ್ತಿರುವುದು ಓದಿ ತಿದ್ದಿದ್ದಕ್ಕೆ. ಏಜೆನ್ಸಿಯವರು ಕೇಳುತ್ತಿರುವುದು ಕೆಲಸಕ್ಕೆ. ಎರಡೂ ಒಂದೇ ಅಲ್ಲ.

ಮೊದಲ ಸಂಬಳದಲ್ಲಿ ಪಾಲು ಕೊಡಬೇಕು ಅಂದರಲ್ಲ, ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದಕ್ಕೆ ಒಂದು ಪ್ರಕರಣ ದಾಖಲೆಯಲ್ಲೇ ಇದೆ. 2007ರಿಂದ ಫಿಲಿಪ್ಪೀನ್ಸ್‌ನ 350ಕ್ಕೂ ಹೆಚ್ಚು ಶಿಕ್ಷಕರನ್ನು ಅಮೆರಿಕದ ಲೂಸಿಯಾನಾ ರಾಜ್ಯದ ಶಾಲೆಗಳಿಗೆ ಒಂದು ಏಜೆನ್ಸಿ ಕರೆದುಕೊಂಡು ಹೋಯಿತು. ಸಾವಿರಾರು ಡಾಲರ್ ಶುಲ್ಕ, ಅದು ಸಾಲದೆಂದು ಎರಡನೇ ವರ್ಷದ ಸಂಬಳದಲ್ಲೂ ಪಾಲು, ಕೊಡುವ ತನಕ ಪಾಸ್‌ಪೋರ್ಟ್ ವೀಸಾ ಕಾಗದಗಳು ಅವರ ಹತ್ತಿರವೇ. ಆ ಶಿಕ್ಷಕರು ಒಟ್ಟಾಗಿ ಕೋರ್ಟಿಗೆ ಹೋದರು, 2012ರ ಡಿಸೆಂಬರ್‌ನಲ್ಲಿ ಜ್ಯೂರಿ 45 ಲಕ್ಷ ಡಾಲರ್ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅವರೂ ನಮ್ಮ ಹಾಗೆ ಓದಿದವರು, ಅನುಭವ ಇದ್ದವರು. ಅಮೆರಿಕಕ್ಕೆ ಜೆ-1 ಅನ್ನೋ ವಿನಿಮಯ ವೀಸಾದಲ್ಲಿ ಹೋಗುವವರಿದ್ದರೆ ಪ್ರಾಯೋಜಕ ಸಂಸ್ಥೆಗಳ ಪಟ್ಟಿ ಅಲ್ಲಿನ ವಿದೇಶಾಂಗ ಇಲಾಖೆಯ ಪುಟದಲ್ಲೇ ಸಿಗುತ್ತೆ, ಅಲ್ಲಿ ಹೆಸರಿದೆಯಾ ಅಂತ ಮೊದಲು ನೋಡಿ.

ಇನ್ನೊಂದು. ಸಂದರ್ಶನ ಗ್ಯಾರಂಟಿ ಅಂತ ಯಾರೂ ಹೇಳೋಕಾಗಲ್ಲ. ಕರೆಯುವುದು ಶಾಲೆ.

ಡಬ್ಬಿತುಂಬ_ಕಾಗದ ಬರೆದದ್ದು:

ಪತ್ರದ ಬಗ್ಗೆ ಮೇಲಿನವರು ಹೇಳಿದರು, ನಾನು ಕಾಗದಪತ್ರದ ಬಗ್ಗೆ ಹೇಳುತ್ತೇನೆ. ನಿಜ ಹೇಳಬೇಕಂದ್ರೆ ಒಳ್ಳೆಯ ಮಾರ್ಗದರ್ಶನದ ಅರ್ಧ ಬೆಲೆ ಇಲ್ಲೇ ಇರೋದು. ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಗೊತ್ತಿದ್ದವರು ಜೊತೆಗಿದ್ದರೆ ತಿಂಗಳುಗಟ್ಟಲೆ ಉಳಿಯುತ್ತೆ.

ಕ್ಯೂಟಿಎಸ್ ಅಂದರೆ ಇಂಗ್ಲೆಂಡಿನ ಅರ್ಹ ಶಿಕ್ಷಕ ಮಾನ್ಯತೆ. 2023ರ ಫೆಬ್ರವರಿಯಿಂದ ಇದಕ್ಕೆ ಹೊಸ ಆನ್‌ಲೈನ್ ವ್ಯವಸ್ಥೆ ಬಂತು, ಮೊದಲು ಅವಕಾಶ ಇಲ್ಲದ ಹಲವು ದೇಶಗಳ ಶಿಕ್ಷಕರಿಗೂ ಬಾಗಿಲು ತೆರೆಯಿತು. ಭಾರತ, ಘಾನಾ, ನೈಜೀರಿಯಾ, ಜಮೈಕಾ, ಸಿಂಗಾಪುರದಂಥ ದೇಶಗಳಲ್ಲಿ ತರಬೇತಿ ಆದವರಿಗೆ ಒಂದು ಷರತ್ತು ಇಟ್ಟರು: 11ರಿಂದ 16 ವರ್ಷದವರಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು. ಟೀಚರ್, ನಿಮ್ಮದು ಗಣಿತ, ನಿಮ್ಮ ಮಕ್ಕಳ ವಯಸ್ಸೂ ಅದೇ. ಈ ಅರ್ಜಿಗೆ ಶುಲ್ಕವಿಲ್ಲ. ಇದನ್ನು ಮಾಡಿಕೊಡಲು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಕೊಡಬೇಡಿ. ಇದು ಇಂಗ್ಲೆಂಡಿನ ಸರ್ಕಾರಿ ಶಾಲೆಗಳಿಗಾಗಿ ಇದ್ದರೂ ಬೇರೆ ದೇಶಗಳಲ್ಲಿ ಬ್ರಿಟಿಷ್ ಪಠ್ಯಕ್ರಮ ಕಲಿಸುವ ಶಾಲೆಗಳೂ ಇದನ್ನು ಕೇಳುತ್ತವೆ. ಆನ್‌ಲೈನ್‌ನಲ್ಲಿ ಸಿಗುವ ಇಂಟರ್‌ನ್ಯಾಷನಲ್ ಪಿಜಿಸಿಇ ಅನ್ನೋ ಶಿಕ್ಷಕ ತರಬೇತಿ ಕೋರ್ಸ್ ಮಾಡಿದರೆ ಕ್ಯೂಟಿಎಸ್ ತಾನಾಗಿಯೇ ಬರುತ್ತೆ ಅಂತ ಕೆಲವರು ಹೇಳಿ ಸೇರಿಸುತ್ತಾರೆ. ಬರಲ್ಲ. ಎರಡೂ ಬೇರೆ ಬೇರೆ.

ಆಸ್ಟ್ರೇಲಿಯಾ ಯೋಚನೆ ಇದ್ದರೆ ಅಲ್ಲಿ ಎರಡು ಹಂತ. ವಲಸೆಗೆ ಎಐಟಿಎಸ್‌ಎಲ್ ಅನ್ನೋ ಸಂಸ್ಥೆಯ ಅರ್ಹತಾ ಪರಿಶೀಲನೆ ಒಂದು, ಆಯಾ ರಾಜ್ಯದ ಶಿಕ್ಷಕ ನೋಂದಣಿ ಇನ್ನೊಂದು. ಇಂಗ್ಲಿಷ್ ಪರೀಕ್ಷೆ ಅಲ್ಲಿ ಬಹಳ ಬಿಗಿ: ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಬರಹಕ್ಕೆ 7, ಮಾತು ಮತ್ತು ಕೇಳಿಸಿಕೊಳ್ಳುವುದಕ್ಕೆ 8. ನಾನು ಮೊದಲ ಸಲ ಮಾತಿನಲ್ಲಿ 7.5 ಪಡೆದು ನಿಂತುಬಿಟ್ಟೆ, ಮತ್ತೆ ಬರೆಯಬೇಕಾಯಿತು.

ಸರ್ಟಿಫಿಕೇಟ್ ದೃಢೀಕರಣದ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. 1961ರ ಹೇಗ್ ಒಪ್ಪಂದದಲ್ಲಿ ನಿಮ್ಮ ದೇಶವೂ ಹೋಗುವ ದೇಶವೂ ಎರಡೂ ಇದ್ದು, ಅವೆರಡರ ನಡುವೆ ಅದು ಜಾರಿಯಲ್ಲಿದ್ದರೆ ಅಪಾಸ್ಟಿಲ್ ಅನ್ನೋ ಒಂದು ಮುದ್ರೆ ಸಾಕು. ಇಲ್ಲದಿದ್ದರೆ ಒಂದೊಂದೇ ಕಚೇರಿ ದಾಟಿ ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಆಗಬೇಕು. ನಾನು ಯುಎಇಗೆ ಹೋದಾಗ ಆ ದೇಶ ಒಪ್ಪಂದದಲ್ಲಿ ಇರಲಿಲ್ಲ, ಹಾಗಾಗಿ ಪೂರ್ತಿ ಸುತ್ತು ಹೊಡೆದೆ. ಚೀನಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2023ರ ನವೆಂಬರ್‌ನಲ್ಲಿ, ಆದರೆ ಭಾರತ ಮತ್ತು ಚೀನಾದ ನಡುವೆ ಅದು ಅನ್ವಯಿಸಲ್ಲ. ಡಿಗ್ರಿಯಲ್ಲಿ, ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿ. ಇನಿಷಿಯಲ್ ಒಂದು ಕಡೆ, ಬಿಡಿಸಿ ಬರೆದದ್ದು ಇನ್ನೊಂದು ಕಡೆ ಇದ್ದರೆ ಅದನ್ನು ಸರಿಮಾಡಿಸಲು ಹಿಡಿಯುವ ಸಮಯ ಬೇರೆ ಯಾವ ಕಾಗದಕ್ಕೂ ಹಿಡಿಯಲ್ಲ.

ಪೊಲೀಸ್ ಸರ್ಟಿಫಿಕೇಟ್ ನೀವು ವಾಸವಿದ್ದ ಪ್ರತಿ ದೇಶದಿಂದಲೂ ಕೇಳಬಹುದು. ಒಂದು ದೇಶ ಬಿಟ್ಟು ಬರುವ ಮುಂಚೆಯೇ ಅಲ್ಲಿಯದನ್ನು ತಗೊಂಡುಬಿಡಿ. ಆಮೇಲೆ ದೂರದಿಂದ ತರಿಸುವುದು ಬಹಳ ಕಷ್ಟ.

ಲೆಕ್ಕದ_ಟೀಚರ್ ಬರೆದದ್ದು:

ಮೂವರಿಗೂ ಹೇಗೆ ಧನ್ಯವಾದ ಹೇಳಲಿ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವರ ಜೊತೆ ಕೂತು ಓದಿದೆ. ಏಜೆನ್ಸಿಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಸರ್ಟಿಫಿಕೇಟ್ ಇನ್ನೂ ಕೊಟ್ಟಿರಲಿಲ್ಲ, ಸದ್ಯ. ನನ್ನ ಅರ್ಜಿಗಳ ದಿನಾಂಕ ನೋಡಿದೆ: 31ರಲ್ಲಿ 22 ಹೋದದ್ದು ಏಪ್ರಿಲ್ ಆದ ಮೇಲೆ. ಹೆಸರಿನ ವಿಷಯವೂ ಸರಿಯಾಗಿ ಹೇಳಿದಿರಿ, ನನ್ನ ಡಿಗ್ರಿಯಲ್ಲಿ ಇನಿಷಿಯಲ್ ಮಾತ್ರ ಇದೆ, ನಾಳೆಯಿಂದಲೇ ಆ ಕೆಲಸ ಶುರು.

ಹಿರಿಯ ಶಿಕ್ಷಕಿಯ ಜೊತೆ ಮೊದಲ ಮಾತುಕತೆ ಆಯ್ತು. ನೀಲಿಶಾಯಿ ಅವರು ಹೇಳಿದ ಹಾಗೇ ಒಂದು ಗಂಟೆ ಬರೀ ಪ್ರಶ್ನೆ. ಪತ್ರದ ಶುರು ಈಗ ಹೀಗಿದೆ: "ನನ್ನ ಏಳನೇ ತರಗತಿಯ ಮಕ್ಕಳು ಋಣ ಸಂಖ್ಯೆಯ ನಿಯಮಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಆದರೆ −3 ದೊಡ್ಡದೋ −7 ದೊಡ್ಡದೋ ಅಂದರೆ ಅರ್ಧ ತರಗತಿ −7 ಅನ್ನುತ್ತಿತ್ತು. ಮರುದಿನ ಪುಸ್ತಕ ಮುಚ್ಚಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದೆ. ಒಬ್ಬೊಬ್ಬರೂ ಒಂದೊಂದು ಸಂಖ್ಯೆಯಾಗಿ ನಿಂತರು. −7 ಆಗಿ ನಿಂತ ಹುಡುಗ ತಾನು ಎಲ್ಲರಿಗಿಂತ ಹಿಂದೆ ಇದ್ದೇನೆ ಅಂತ ತಾನೇ ಕಂಡುಕೊಂಡ."

ಒಂದು ಭಯ ಉಳಿದಿದೆ. ಸಂದರ್ಶನದಲ್ಲಿ ಏನು ಕೇಳುತ್ತಾರೆ? ಒಪ್ಪಂದದ ಕಾಗದ ಬಂದರೆ ಏನು ನೋಡಲಿ?

ನೀಲಿಶಾಯಿ ಬರೆದದ್ದು:

ಓದಿ ಖುಷಿಯಾಯಿತು. ಈ ಪತ್ರ ನನ್ನ ಮೇಜಿಗೆ ಬಂದಿದ್ದರೆ ಖಂಡಿತ ಕರೆಯುತ್ತಿದ್ದೆ. ಒಂದೇ ಒಂದು ಸಾಲು ಸೇರಿಸಿ, ಆಮೇಲೆ ಮಕ್ಕಳಿಗೆ ಅರ್ಥವಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು ಅನ್ನೋದು.

ಸಂದರ್ಶನದಲ್ಲಿ ಪಾಠದ ಬಗ್ಗೆ ಕೇಳಿದರೆ ನಿಮಗೆ ಕಷ್ಟ ಆಗಲ್ಲ. ತಯಾರಿ ಇಲ್ಲದವರು ನಿಲ್ಲುವುದು ಮಕ್ಕಳ ಸುರಕ್ಷತೆಯ ಪ್ರಶ್ನೆಗೆ. ಒಂದು ಮಗು ಬಂದು, ಟೀಚರ್ ನಿಮಗೊಂದು ಗುಟ್ಟು ಹೇಳಬೇಕು, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಅಂದರೆ ಏನು ಮಾಡ್ತೀರಿ? ಪ್ರೀತಿಯಿಂದ ಮಾತು ಕೊಡ್ತೀನಿ ಅಂತ ಎಷ್ಟೋ ಒಳ್ಳೆಯ ಶಿಕ್ಷಕರು ಹೇಳಿಬಿಡುತ್ತಾರೆ. ಆ ಮಾತು ಕೊಡಬಾರದು. ನಿನಗೆ ಸಹಾಯ ಆಗಬೇಕಾದರೆ ಇನ್ನೊಬ್ಬರಿಗೆ ಹೇಳಬೇಕಾಗಬಹುದು ಅಂತ ಮಗುವಿಗೆ ಮೊದಲೇ ತಿಳಿಸಬೇಕು. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು, ನಾವೇ ಉತ್ತರ ಬಾಯಿಗೆ ಇಟ್ಟಂತೆ ಪ್ರಶ್ನೆ ಕೇಳಬಾರದು, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು ಅದೇ ದಿನ ಶಾಲೆಯಲ್ಲಿ ಈ ಜವಾಬ್ದಾರಿ ಹೊತ್ತವರಿಗೆ ತಲುಪಿಸಬೇಕು. ನಾವೇ ತನಿಖೆ ಮಾಡಲು ಹೋಗಬಾರದು. ಇದನ್ನು ಪರೀಕ್ಷೆಯ ಉತ್ತರದ ಹಾಗೆ ಕಲಿಯಬೇಡಿ ಮೇಡಂ, ನಿಜವಾಗಿಯೂ ಒಂದು ಮಗು ಹೀಗೆ ಬಂದು ನಿಂತಾಗ ನಮಗೆ ತಿಳಿದಿರಬೇಕಾದದ್ದು ಇದು.

ಕೆಲಸದ ಮಧ್ಯೆ ಖಾಲಿ ಬಿಟ್ಟ ತಿಂಗಳುಗಳಿದ್ದರೆ ಕಾರಣ ಕೇಳುತ್ತಾರೆ. ಮಗು ಹುಟ್ಟಿತ್ತು, ಅಪ್ಪನಿಗೆ ಹುಷಾರಿರಲಿಲ್ಲ, ಏನಿದ್ದರೂ ನೇರವಾಗಿ ಹೇಳಿ. ಅದೂ ಮಕ್ಕಳ ಸುರಕ್ಷತೆಯ ತಪಾಸಣೆಯ ಭಾಗ, ನಿಮ್ಮನ್ನು ಕೀಳು ಮಾಡಲು ಅಲ್ಲ. ಈಗಿನ ಮುಖ್ಯೋಪಾಧ್ಯಾಯರಿಗೆ ಶಾಲೆಯವರೇ ಗೋಪ್ಯವಾಗಿ ಬರೆದು ವಿಚಾರಿಸುತ್ತಾರೆ, ಹಾಗಾಗಿ ಅವರಿಗೆ ನೀವೇ ಮೊದಲು ಹೇಳಿಬಿಡಿ. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.

ಮತ್ತೆ ನೀವೂ ಕೇಳಬೇಕು. ನನ್ನ ಮುಂಚೆ ಈ ಹುದ್ದೆಯಲ್ಲಿ ಇದ್ದವರು ಯಾಕೆ ಬಿಟ್ಟರು? ವಾರಕ್ಕೆ ಎಷ್ಟು ಪೀರಿಯಡ್? ಈಗ ಅಲ್ಲಿ ಕೆಲಸ ಮಾಡುತ್ತಿರುವ, ಕುಟುಂಬ ಕರೆದುಕೊಂಡು ಬಂದ ಒಬ್ಬ ಶಿಕ್ಷಕರ ಜೊತೆ ಮಾತಾಡಬಹುದಾ? ಕೊನೆಯದಕ್ಕೆ ಬೇಡ ಅಂದ ಶಾಲೆಗೆ ನಾನು ಹೋಗಲ್ಲ.

ಡಬ್ಬಿತುಂಬ_ಕಾಗದ ಬರೆದದ್ದು:

ಒಪ್ಪಂದದ ಬಗ್ಗೆ ನಾನು ಹೇಳ್ತೀನಿ. ಸಾಮಾನ್ಯವಾಗಿ ಎರಡು ವರ್ಷದ್ದು ಇರುತ್ತೆ. ಸಂಬಳದ ಅಂಕೆ ಒಂದನ್ನೇ ನೋಡಬೇಡಿ. ಮನೆ ಅವರೇ ಕೊಡ್ತಾರಾ, ಬಾಡಿಗೆ ದುಡ್ಡು ಕೊಡ್ತಾರಾ? ವಿಮಾನದ ಟಿಕೆಟ್ ನಿಮಗೆ ಮಾತ್ರನಾ, ನಾಲ್ಕೂ ಜನಕ್ಕಾ? ಆರೋಗ್ಯ ವಿಮೆಯಲ್ಲಿ ಮನೆಯವರೂ ಸೇರಿದ್ದಾರಾ? ಎರಡು ಮಕ್ಕಳ ಶಾಲೆ ಶುಲ್ಕ ಪೂರ್ತಿ ಮಾಫಿನಾ, ಅರ್ಧನಾ? ಒಂದು ಶಾಲೆ ಸಂಬಳ ಜಾಸ್ತಿ ಹೇಳಿತ್ತು, ಆದರೆ ಒಂದೇ ಮಗುವಿಗೆ ಸೀಟು. ಎರಡನೇ ಮಗುವಿನ ಶುಲ್ಕ ಕಳೆದು ನೋಡಿದರೆ ಸಂಬಳ ಕಡಿಮೆ ಇದ್ದ ಶಾಲೆಯೇ ನಮಗೆ ಮೇಲು ಅನಿಸಿತು.

ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ಬಿಡಿಸಿ ಕೇಳಿ. ಯುಎಇಯಲ್ಲಿ ಕೆಲಸ ಬಿಡುವಾಗ ಬರುವ ಗ್ರಾಚುಟಿ ಲೆಕ್ಕ ಹಾಕೋದು ಮೂಲ ವೇತನದ ಮೇಲೆ ಮಾತ್ರ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಒಟ್ಟು ಸಂಬಳ ಒಂದೇ ಆಗಿದ್ದರೂ ಮೂಲ ವೇತನ ಚಿಕ್ಕದಾಗಿ ತೋರಿಸಿದರೆ ಕೊನೆಗೆ ಕೈಗೆ ಬರೋದು ಕಡಿಮೆ. ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ಏನು ಕಟ್ಟಬೇಕು ಅನ್ನೋ ಸಾಲನ್ನು ಎರಡು ಸಲ ಓದಿ. ಬಾಯಿಮಾತಲ್ಲಿ ಹೇಳಿದ್ದು ಏನಿದ್ದರೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಹಳೇ_ಪಾಟಿ ಬರೆದದ್ದು:

ಸಹಿ ಹಾಕುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಶಾಲೆಯಿಂದ ಬಂದ ಇಮೇಲ್ ಶಾಲೆಯ ಸ್ವಂತ ವಿಳಾಸದಿಂದಲೇ ಬಂದಿದೆಯಾ ನೋಡಿ. ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ, ಈ ಹುದ್ದೆ ನಿಜವಾಗಿಯೂ ಇದೆಯಾ ಅಂತ ಕೇಳಿ. ಐದು ನಿಮಿಷದ ಕೆಲಸ. ನಾನು ಅವತ್ತು ಮಾಡಿರಲಿಲ್ಲ.

ಲೆಕ್ಕದ_ಟೀಚರ್ ಬರೆದದ್ದು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಈ ಸಲ ಆರೇ ಶಾಲೆ ಆರಿಸಿದೆ, ಆರಕ್ಕೂ ಬೇರೆ ಬೇರೆ ಪತ್ರ. ಒಂದೊಂದಕ್ಕೆ ಎರಡು ಸಂಜೆ ಹಿಡಿಯಿತು. ಎರಡು ಕಡೆಯಿಂದ ಉತ್ತರ ಬಂದಿದೆ. ಒಂದು ಶಾಲೆ ಬರುವ ಗುರುವಾರ ವಿಡಿಯೊದಲ್ಲಿ ಮಾತಾಡೋಣ ಅಂದಿದೆ, ಹತ್ತು ನಿಮಿಷದ ಪಾಠವನ್ನೂ ಮಾಡಿ ತೋರಿಸಬೇಕು. ಹಳೇ_ಪಾಟಿ ಅವರು ಹೇಳಿದ ಹಾಗೆ ಫೋನ್ ಮಾಡಿದೆ, ಹುದ್ದೆ ಇದೆ. ಕ್ಯೂಟಿಎಸ್ ಅರ್ಜಿಯೂ ಹಾಕಿದೆ, ಹೆಸರಿನ ತಿದ್ದುಪಡಿ ನಡೆಯುತ್ತಿದೆ. ಪಾಠಕ್ಕೆ ತ್ರಿಕೋನ ಸಂಖ್ಯೆಗಳ (1, 3, 6, 10 ಹೀಗೆ) ವಿನ್ಯಾಸ ತಗೊಳ್ಳೋಣ ಅಂತಿದ್ದೇನೆ, ಮಕ್ಕಳೇ ಚುಕ್ಕಿ ಇಟ್ಟು ಮುಂದಿನದು ಯಾವುದು ಅಂತ ಹುಡುಕುವ ಹಾಗೆ. ಹತ್ತು ನಿಮಿಷಕ್ಕೆ ಜಾಸ್ತಿ ಆಯ್ತಾ?

ನೀಲಿಶಾಯಿ ಬರೆದದ್ದು:

ಜಾಸ್ತಿ ಆಗಲ್ಲ, ಸೂತ್ರದ ತನಕ ಹೋಗಬೇಡಿ ಅಷ್ಟೇ. ನಾಲ್ಕನೆಯದರಿಂದ ಐದನೆಯದಕ್ಕೆ ಎಷ್ಟು ಚುಕ್ಕಿ ಸೇರಿತು, ಯಾಕೆ ಅನ್ನೋ ಪ್ರಶ್ನೆ ಕೇಳಿ ನಿಲ್ಲಿಸಿ, ಉತ್ತರಕ್ಕೆ ಕಾಯಿರಿ. ಬುಧವಾರ ಸಂಜೆ ನಾನು ಬಿಡುವಾಗಿದ್ದೇನೆ, ಬೇಕಾದರೆ ಒಂದು ಸಲ ನನಗೆ ಮಾಡಿ ತೋರಿಸಿ. ನಾನೇ ಏಳನೇ ತರಗತಿಯ ಹುಡುಗಿ ಅಂದುಕೊಂಡು ಕೂತಿರ್ತೀನಿ.